ದವಡಿ

ಶೂಟಿಂಗಿನವರು ಬಂದಾಗ ನಾ ಜ್ವಾಳ ಹಸನ ಮಾಡ್ಲತ್ತಿದ್ದೆ.
ಆಳಂದ ರೋಡಿನ ನಮ್ಮ ಕಿವುಡ ಮಕ್ಕಳ ಸಾಲ್ಯಾಗ
ಕಾಲಿಡ್ಲಿಕ್ಕ ಜಾಗ ಇಲ್ಲ, ಬರೇ ವೈರು.
ಚಪ್ಪಾಳಿ ಹೊಡೀರಿ ಅಂದ್ರು.
ಹುಡುಗರು ಎರಡೂ ಕೈ ಮ್ಯಾಲೆತ್ತಿ
ಬೇವಿನ ಟೊಂಗಿ ಅಲುಗಿದಂಗ ಬೆರಳು ಅಲುಗಿಸಿದ್ರು.
"ಹಂಗಲ್ಲ, ಸೌಂಡ್ ಬರಬೇಕು" ಅಂದ ಟೋಪಿಯಾಂವ.
ನಸೀಮಾ ಮಿಸ್ ಕಲಿಸಿದ್ರು. ಹೊಡದ್ರು,
ಒಬ್ಬೊಬ್ಬರು ಒಂದೊಂದು ಹೊತ್ತಿಗಿ,
ತಗಡಿನ ಮ್ಯಾಲ ಆಣಿಕಲ್ಲು ಬಿದ್ದಂಗ.

ಹೀರೋ ವಿಕ್ರಾಂತರಾಜ ನಮ್ಮ ಸಲುವಾಗಿ ಆಡ್ತಾನಂತ.
ಎದುರಿಗಿ ಸೀರಿಯಲ್ಲಿನ ಸೊಸಿ ಚೈತ್ರಿಕಾ,
ಆಕಿ ಬೆಂಗಳೂರಿನ ಬೀದಿನಾಯಿಗೋಳ ಸಲುವಾಗಿ.
ಹೆಡ್‌ಮಾಸ್ತರರು ಹಾಳಿ ಮ್ಯಾಲ ಬರದಿಟ್ಟಿದ್ರು:
ಕಿವಿ ಮಷಿನ್ನು ಇಪ್ಪತ್ತು ಜೋಡು, ಬಚ್ಚಲಕ ಬಾಗಿಲ,
ಮುಂಜಾನಿ ಎಬ್ಬಸ್ಲಿಕ್ಕ ಮಿಣಕು ದೀಪ.
ಇಲ್ಲೀತನಾ ಎಬ್ಬಸಾಕಿ ನಾನೇ,
ಒಂದೊಂದೇ ಹೆಬ್ಬೆರಳು ಹಿಡದು.

ಐತಾರ ರಾತ್ರಿ ಟಿ.ವಿ. ಮುಂದ ನಲವತ್ತೊಂದು ಮಕ್ಕಳು.
ಹೀರೋಗ ಅವರಿಟ್ಟ ಹೆಸರು
ಮೂಗಿನ ಕೆಳಗ ಎರಡು ಬೆರಳು, ಮೀಸಿ ತೀಡಿದಂಗ.
ಆಕಿಗಿ ಹಣಿ ಮ್ಯಾಲ ದೊಡ್ಡ ಬೊಟ್ಟು.
ಪ್ರಶ್ನಿ ಕೇಳಾಂವಗ ಹೆಸರಿಲ್ಲ,
ಬಾಯಿ ಭಾಳ ಆಡಸ್ತಾನ, ಅದೇ ಸನ್ನೆ.
ಕಲಬುರಗಿ ಅನ್ಲಿಕ್ಕ ಆ ಬಾಯಿ ಎರಡು ಸಲ ತಪ್ಪಿತು.
ಮಿಸ್ ಬದಿಗಿ ನಿಂತು ಮಾತು ಕೈಗಿ ಇಳಿಸ್ಲತ್ತಿದ್ರು.

ಒಂದು ಲಕ್ಷ. ನಡುವ ಕರೆಂಟ್ ಹೋಗಿ ಬಂತು,
ಏನು ಕೇಳಿದ್ರೋ ಏನೋ, ಮೀಸಿ ಮೂರು ಲಕ್ಷಕ್ಕ ಮುಟ್ಟಿದ್ದ.
ಆರು ಲಕ್ಷದ್ದು:

ಹಾವು ಶಬ್ದವನ್ನು ಯಾವುದರಿಂದ ಗ್ರಹಿಸುತ್ತದೆ?
ಕಣ್ಣು. ನಾಲಿಗೆ. ದವಡೆ. ಬಾಲ.

ನನಗ ಗೊತ್ತಿರಲಿಲ್ಲ,
ಪುಂಗಿ ಕೇಳಿ ಹೆಡಿ ಆಡಸ್ತದ ಅಂತ ತಿಳದಾಕಿ ನಾ.
ಲಾಡ್ಲೇಸಾಬ ಎದ್ದು ನಿಂತ.
ಹೋದ ವರ್ಷ ಹಿತ್ತಲದಾಗ ನಾಗರ ಹೊಂಟಾಗ
ಮಿಸ್ ಹೇಳಿಕೊಟ್ಟ ಪಾಠ ಅದು:
ನೆಲಕ್ಕ ದವಡಿ ಹಚ್ಚಿ ಕೇಳ್ತದ,
ನೀವು ಅಂಗಾಲಿನಿಂದ ಡೊಳ್ಳು ಕೇಳಿದಂಗ.
ನಲವತ್ತೊಂದು ಕೈ ದವಡಿಗಿ ಹೋದವು.
ಅಲ್ಲಿ ಮೀಸೀನೂ
ವಿಚಾರ ಮಾಡ್ತಾ ಮಾಡ್ತಾ
ದವಡಿ ಮ್ಯಾಲ ಕೈ ಇಟ್ಟ.

ಹೇಳಿದ! ಹೇಳಿದ!
ಹುಡುಗರು ನೆಲ ಒದ್ದದ್ದಕ್ಕ
ಒಲಿ ಮ್ಯಾಗಿನ ಬೋಗಾಣಿ ಗದಗದ ನಡಗಿತು.
ಅಂವ ಕೈ ತೆಗೀಲಿಲ್ಲ.
ಒಂದು ನಿಮಿಷ ಪೂರಾ
ಸರಿ ಉತ್ತರ ಹಿಡಕೊಂಡು ಕುಂತ,
ಆಮ್ಯಾಲ ಬಾಯಿ ತೆಗೆದು
"ನಾಲಿಗೆ, ಲಾಕ್ ಮಾಡಿ" ಅಂದ.

ಆರು ಲಕ್ಷ ಇಳದು ಹತ್ತು ಸಾವಿರ ಆಯ್ತು.
ಮಿಸ್ ಕೈ ಎತ್ತಲಿಲ್ಲ,
ಕೆಂಪ ಬಣ್ಣಕ್ಕ ಯಾರೂ ಅರ್ಥ ಹೇಳಬೇಕಾಗಿಲ್ಲ.
ತುಳಜಾ ಎದ್ದು ಹೋಗಿ ಟಿ.ವಿ. ಗಾಜಿಗಿ ಬಡದ್ಲು:
ಮೊದಲ ಕೈಲೆ ಹೇಳ್ಯಾನ, ಅದು ಲೆಕ್ಕಕ್ಕಿಲ್ಲೇನು?
ಬಾಯಿದಷ್ಟೇ ಯಾಕ ಹಿಡೀತಾರ?
ಮಿಸ್ ಏನೋ ತಿಳಿಸ್ಲಿಕ್ಕ ಹೋದ್ರು,
ಬಿಟ್ರು.

ಬೊಟ್ಟಿನಾಕಿ ಗೆದ್ದಳು. ನಾಯಿಗೋಳನ್ನ ತೋರಿಸಿದ್ರು,
ಒಂದಕ್ಕ ಮೂರೇ ಕಾಲು,
ಒಂದಕ್ಕ ಕೊಳ್ಳಾಗ ಗುಲಾಬಿ ಪಟ್ಟಿ.
ಸಿಟ್ಟು ಎಲ್ಲಿ ಹೋಯ್ತೋ, ಹುಡುಗರು ಮುಂದ ಸರದ್ರು.
ಕೈ ಎಲ್ಲಾ ಮ್ಯಾಲ, ಮತ್ತ ಬೇವಿನ ಟೊಂಗಿ.
ಲಾಡ್ಲೇಸಾಬ ಹೊರಗ ಓಡಿ
ನಮ್ಮ ಕಾಳ್ಯಾನ್ನ ಎಳಕೊಂಡು ಬಂದು
ಇದರ ಪಾಲು ಎಷ್ಟು ಬರ್ತದ, ಕೇಳಿದ.

ಚೆಕ್ಕು ಇನ್ನಾ ಬಂದಿಲ್ಲ.
ಬಚ್ಚಲದ ಬಾಗಿಲಂತೂ ಆಗ್ತದ ಅಂತಾರ ಮಾಸ್ತರರು.
ಮರದಿನ ಮುಂಜಾನಿ ಹೆಬ್ಬೆರಳು ಹಿಡದು ಎಬ್ಬಿಸಿದೆ ಎಲ್ಲರನೂ.
ಕಟಗು ರೊಟ್ಟಿ, ಶೇಂಗಾ ಹಿಂಡಿ.
ಸಾಲಾಗಿ ಕುಂತು ಅಗೀಲತ್ತಾರ,
ಮಾತಿಲ್ಲ ಕತಿ ಇಲ್ಲ,
ನಲವತ್ತೊಂದು ದವಡಿ.
ಕಾಳ್ಯಾಂದು ಹಿಡದ್ರ ನಲವತ್ತೆರಡು.