ಬಿಳಿ ಇಲ್ಲದ ಯಂತ್ರ

ಈ ಯಂತ್ರದ ಹೊಟ್ಟೆಯಲ್ಲಿ ಎಂಟು ಶಾಯಿ.
ಬಿಳಿ ಇಲ್ಲ.
ಬಿಳಿ ಬೇಕಾದ ಕಡೆ ಸುಮ್ಮನೆ ದಾಟಿಹೋಗುತ್ತದೆ,
ಕಾಗದವೇ ನೋಡಿಕೊಳ್ಳಲಿ ಎಂದು.

ನಮ್ಮದು ಕಾಗದವಲ್ಲ, ಅನ್ನುತ್ತಾಳೆ ದೆವೊಲಿಂದಾ.
ಅಲೆಂತೆಜುವಿನ ಬಿಸಿಲಲ್ಲಿ ನಿಂತ ಕಾರ್ಕ್ ಮರದ ತೊಗಟೆ,
ಒಂಬತ್ತು ವರ್ಷಕ್ಕೊಮ್ಮೆ ಸುಲಿದದ್ದು,
ಬೋಳು ಕಾಂಡದ ಮೇಲೆ ಆ ವರ್ಷದ ಕೊನೆಯ ಅಂಕಿ ಬರೆದು
ಮತ್ತೆ ಬೆಳೆಯಲು ಬಿಟ್ಟದ್ದು.
ಗಿರಣಿಯವರು ಅದನ್ನು ಉಗುರಿನಷ್ಟು ತೆಳ್ಳಗೆ ಸೀಳಿ
ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಮುರುಕಾದರೆ ಅರ್ಧ ಬೆಲೆ.
ನಾವು ತರುವುದು ಮುರುಕೇ.

ಮೊದಲ ಸಲ ಹಾಗೇ ತೂರಿಸಿದೆವು.
ಶಾಯಿ ಇಂಗಲೊಲ್ಲದೆ
ಕೋಸಿನೆಲೆಯ ಮೇಲಿನ ಮಳೆಯಂತೆ ಗುಂಡಗೆ ಕೂತಿತು.
ಎರಡನೆಯ ಸಲ ಹಾಳೆಯ ಅಂಚು ಹೆಡೆಯೆತ್ತಿ
ಪ್ರಿಂಟರಿನ ತಲೆಗೆ ತಾಗಿ
ಕರ್‍ರ್ —
ಬೆಕ್ಕು ಎರಡು ದಿನ ಮನೆಗೆ ಬರಲಿಲ್ಲ.
ಆ ತಲೆಯ ಬೆಲೆ ನನ್ನ ಎರಡು ತಿಂಗಳ ಸಂಬಳ.
ದೆವೊಲಿಂದಾ ಏನೂ ಅನ್ನಲಿಲ್ಲ.
ಹತ್ತಿ ಸುತ್ತಿದ ಕಡ್ಡಿಯಿಂದ ಪುಡಿ ತೆಗೆಯುತ್ತ ಕೂತಳು,
ಕೂಸಿನ ಕಿವಿ ಒರೆಸುವಂತೆ.

ಈಗ ನನಗೂ ಗೊತ್ತು:
ಹಾಳೆಗೆ ಹಬೆ ಹಿಡಿದು ಎರಡು ಹೆಂಚಿನ ನಡುವೆ ಒಂದು ರಾತ್ರಿ.
ಜಿಲೆಟಿನ್ನು ತಣ್ಣೀರಲ್ಲಿ ನೆನೆದು
ಮೀನಿನ ಕಣ್ಣಿನಂತೆ ಉಬ್ಬಬೇಕು.
ಬಿಸಿ ಮಾಡು, ಕುದಿಸಬೇಡ. ಕುದಿದರೆ ಅಂಟು ಸತ್ತಿತು.
ಉದ್ದಕ್ಕೆ ಒಂದು ಕೈ, ಒಣಗಿದ ಮೇಲೆ ಅಡ್ಡಕ್ಕೊಂದು ಕೈ,
ಎರಡರ ನಡುವೆ ಬೆಕ್ಕು ಹೊರಗಿರಲಿ.
ನಾಲ್ಕೂ ಅಂಚು ದಪ್ಪ ರಟ್ಟಿಗೆ ಟೇಪಿನಿಂದ ಬಿಗಿ.
ಯಂತ್ರದ ಕಣ್ಣಿಗೆ ಕಂದು ಕಾಣದು,
ಹಾಳೆಯೇ ಇಲ್ಲ ಎಂದು ಹಟ ಹಿಡಿಯುತ್ತದೆ.
ಮುಂದಿನ ಅಂಚಿಗೊಂದು ಬಿಳಿ ಪಟ್ಟಿ ಅಂಟಿಸಿ
ಇದೆ, ಇದೆ ಎಂದು ನಂಬಿಸಬೇಕು.

ಇಷ್ಟೆಲ್ಲ ಮಾಡಿದರೂ ಬೆಳಕು ಬರಲಿಲ್ಲ.
ಚಿತ್ರ ಝೆಫೆರಿನೋನ ಕೈಯದು, ಕೊಡಲಿಯ ಕಾವಿನ ಮೇಲೆ.
ಗೆಣ್ಣುಗಳ ಮೇಲಿದ್ದ ಬಿಸಿಲೆಲ್ಲ
ತೊಗಟೆಯ ಕಂದಿನಲ್ಲಿ ಮುಳುಗಿಹೋಯಿತು.
ಕೈ ಕೈಯಾಗಿಯೇ ಇತ್ತು,
ಹೊತ್ತು ಮಾತ್ರ ಮುಳುಗಿತ್ತು.

ಒಂದು ವಾರ ಯಾರೂ ಅದರ ಮಾತೆತ್ತಲಿಲ್ಲ.
ಎದುರುಮನೆಯ ಪೆರ್ಪೆತುವಾ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು,
ಕಾಫಿ ಹಿಡಿದು ಬಾಗಿಲಲ್ಲಿ ನಿಂತ ದೆವೊಲಿಂದಾ
ಕಾಫಿ ಆರುವವರೆಗೂ ನೋಡಿದಳು.
ಒಳಗೆ ಬಂದು ಶಾಲೆಯ ಸೀಮೆಸುಣ್ಣ ಕುಟ್ಟತೊಡಗಿದಳು.
(ಹಸಿ ಸುಣ್ಣವಾದರೆ ಅಂಟನ್ನು ತಿನ್ನುತ್ತದಂತೆ.)
ಪುಡಿಯನ್ನು ಜಿಲೆಟಿನ್ನಿಗೆ ಕಲಸಿ
ಸಣ್ಣ ಕುಂಚದಲ್ಲಿ, ಬಿಸಿಲು ಬೀಳುವ ಕಡೆ ಮಾತ್ರ ಇಟ್ಟಳು:
ನಾಲ್ಕು ಗೆಣ್ಣು, ಒಂದು ಉಗುರು, ಕೊಡಲಿಯ ಬಾಯಿ.
ಬರಿ ಹಾಳೆಯ ಮೇಲೆ ಅಷ್ಟೇ ಇತ್ತು,
ಯಾರೋ ಹಾಲು ಚೆಲ್ಲಿ ಒರೆಸಲು ಮರೆತಂತೆ.

ಇಪ್ಪತ್ತೆರಡು ನಿಮಿಷ.
ಸಾಲು ಸಾಲಾಗಿ ಹೊರಬಂದ ಕೈ
ತನ್ನ ಬೆಳಕಿದ್ದ ಜಾಗಕ್ಕೇ ಬಂದು ಕೂತಿತು.
ನಾನು ಕೂಗಿಯೇಬಿಟ್ಟೆ.
ಹೆಬ್ಬೆರಳ ಬುಡದಲ್ಲಿ ತೊಗಟೆಯ ಒಂದು ತೂತು
ಶಾಯಿ ಕುಡಿದು ಕಪ್ಪಾಗಿತ್ತು, ಅದೊಂದೇ.

ಎಂಬತ್ತೊಂದರ ಝೆಫೆರಿನೋನನ್ನು ಕರೆಸಿದೆವು.
ಚಿತ್ರ ನೋಡಲಿಲ್ಲ ಆತ, ಮಗುಚಿದ,
ಬೆನ್ನನ್ನು ಕೆರೆದು ಮೂಸಿದ.
ಬಡಗಣ ಇಳಿಜಾರಿನದು, ಅಂದ, ನಿಧಾನ ಬೆಳೆದದ್ದು.
ಮತ್ತೆ ತಿರುಗಿಸಿ ತೂತಿನ ಮೇಲೆ ಬೆರಳಿಟ್ಟ:
ಇಲ್ಲಿ ಇರುವೆ ಹೊಕ್ಕಿತ್ತು.
ಬಹಳ ಹೊತ್ತಿನ ಮೇಲೆ, ಯಾರ ಕೈ ಇದು?

ನಿನ್ನದು.

ತನ್ನ ಕೈಯನ್ನು ಪಕ್ಕದಲ್ಲಿ ಇಟ್ಟ. ತಲೆಯಲ್ಲಾಡಿಸಿದ.
ಹೆಬ್ಬೆರಳು ಹೀಗಿದ್ದರೆ ಏಟು ತಾಯಿಗೆ ಬೀಳುತ್ತದೆ.
(ತೊಗಟೆಯ ಒಳಗಿನ ಪದರವನ್ನು ಅವರು ತಾಯಿ ಅನ್ನುತ್ತಾರೆ.
ಅದಕ್ಕೆ ಗಾಯವಾದ ಕಡೆ ಮರ ಮತ್ತೆ ಕೊಡದು.)
ಅರವತ್ತು ಬೇಸಗೆ, ಅಂದ, ಒಮ್ಮೆಯೂ ನಾನು ಹೀಗೆ ಹಿಡಿದವನಲ್ಲ.

ದೆವೊಲಿಂದಾ ಪೆನ್ಸಿಲು ಹುಡುಕಿದಳು.
ಮೂಲೆಯ ಪೊರಕೆಯನ್ನೇ ಕೊಡಲಿಯೆಂದು ಹಿಡಿದು
ಆತ ಕಿಟಕಿಯ ಬಳಿ ನಿಂತ.
ನಾನು ಜಿಲೆಟಿನ್ನು ನೆನೆಹಾಕಿದೆ.