ಹೆಡ್ಲಿ ಪಾರ್ಡಿ ನೆಟ್ಟ ಕಂಬ

ನ್ಯೂಫೌಂಡ್‌ಲ್ಯಾಂಡಿನ ಈ ದಂಡೆಯಲ್ಲಿ ಗುಂಡಿ ತೋಡಲು ಮಣ್ಣಿಲ್ಲ.
ಬಂಡೆಯ ಮೇಲೆ ತೊಲೆಗಳ ಚೌಕ ಕಟ್ಟಿ
ನಡುವೆ ಕಂಬ ನಿಲ್ಲಿಸಿ ಕಲ್ಲು ತುಂಬುತ್ತಾರೆ.
ಈ ಕಲ್ಲು ಹೊತ್ತವರು ಮೀನಿನ ಕಾರ್ಖಾನೆಯ ಹೆಂಗಸರು,
ಊಟದ ಬಿಡುವಿನಲ್ಲಿ, ರಬ್ಬರ್ ಏಪ್ರನ್ ಬಿಚ್ಚದೆ.

"ಓರೆಯಾಯಿತಲ್ಲ ಹೆಡ್ಲಿ," ಅಂದಳಂತೆ ವರ್ನಾ.
"ಇರಲಿ. ನಾಳೆ ತಂತಿ ಜಗ್ಗುತ್ತದೆ, ಆಗ ನೋಡು."
ತಂತಿ ಬಿಗಿದರು.
ಕಂಬ ನೆಟ್ಟಗಾಯಿತು.

ಕಾಡ್ ಮೀನು ಮುಗಿಯಿತು. ಕಾರ್ಖಾನೆಗೆ ಬೀಗ.
ಆ ಕಡೆಯ ಮೂರೂ ತಂತಿ ಸುತ್ತಿ ಲಾರಿಗೆ ಹಾಕಿದವನು ನಾನೇ.
ಅಂದಿನಿಂದ ಕಂಬ ಹಿಂದಕ್ಕೆ, ಗುಡ್ಡದ ಕಡೆಗೆ,
ಹಗ್ಗದ ಆ ತುದಿಯವರು ಹೇಳದೆ ಕೈಬಿಟ್ಟ ಹಾಗೆ.

ಇವತ್ತು ಕೀಳಲು ಬಂದಿದ್ದೇನೆ, ಆದೇಶದ ಚೀಟಿ ಕಿಸೆಯಲ್ಲಿದೆ.
ಬುಡಕ್ಕೆ ಸುತ್ತಿಗೆ ಬಡಿದು ಕಿವಿಗೊಟ್ಟೆ:
ಡುಬ್ ಅನ್ನಲಿಲ್ಲ, ಒಳಗೆ ಹುಳುಕಿಲ್ಲ.
ಗುಡ್ಡಕ್ಕೆ ಬಿಗಿದ ಆಧಾರದ ತಂತಿಯ ಮೇಲೆ
ಯಾರದೋ ಒಂಟಿ ಕೈಗವಸು ಒಣಗುತ್ತಿದೆ.

ಮೇಲಿನದೊಂದು ಕಲ್ಲು ಎತ್ತಿದೆ.
ಕಂಬಕ್ಕೂ ಕಲ್ಲಿಗೂ ನಡುವೆ ಮೀನು ಸೀಳುವ ಚೂರಿ,
ತುಕ್ಕು ತಿಂದು ಅರ್ಧವಾಗಿದೆ,
ಬೆಣೆಗೆಂದು ಯಾವಳೋ ತುರುಕಿದ್ದು.

ಕಲ್ಲನ್ನು ಇದ್ದಲ್ಲೇ ಇಟ್ಟೆ.
ಚೀಟಿಯ ಹಿಂದೆ ಬರೆದೆ:
ವಾಲಿದೆ. ಬೀಳುವುದಿಲ್ಲ.
ಮುಂದಿನ ವರ್ಷ ನೋಡೋಣ.