ಇಪ್ಪತ್ತೆರಡೋ ನಲವತ್ತೇಳೋ

ಆಂಡರ್ಸನ್‌ಪೇಟೆ. ಶಟರ್ ಅರ್ಧ ಎಳೆದ ರೇಡಿಯೋ ಅಂಗಡಿ.
ಸೆಡ್ರಿಕ್ ಅಂಕಲ್ಲಿನ ಗಿಟಾರು ಬೋರಲು ಮಲಗಿದೆ.
ಬೆನ್ನಿನ ಮುಚ್ಚಳ ತೆಗೆದರೆ ಧೂಳು, ಹಳದಿ ತಂತಿ,
ಕಾಲು ಮುರಿದ ಒಂದು ಕೆಪಾಸಿಟರ್,
ಕಡಲೆಬೇಳೆಯಷ್ಟು ಕಂದು ಬಿಲ್ಲೆ.

‘ಇದೇನು ಮಾಡುತ್ತೆ?’ ಅಂದೆ.
‘ಜರಡಿ’ ಅಂದರು ಏಳುಮಲೈ ಮೇಸ್ತ್ರಿ, ಸಾಲ್ಡರಿನ ಹೊಗೆ ಊದುತ್ತ.
‘ಸೂಜಿಯಂಥ ದನಿ ಇರ್ತದಲ್ಲ,
ಅದನ್ನ ಹಿಡಿದು ನೆಲಕ್ಕೆ ಇಳಿಸಿಬಿಡುತ್ತೆ.
ದಪ್ಪದನಿಗೆ ಈ ಬಾಗಿಲು ಆಗಿಬರಲ್ಲ,
ಅದು ಮೇಲೇ ಉಳಿದು ಹಾಡುತ್ತೆ.
ನಲವತ್ತೇಳಾದರೆ ಬಾಗಿಲು ಅಗಲ, ಇಪ್ಪತ್ತೆರಡಾದರೆ ಕಿರಿದು.’
ನೆಲ ಅನ್ನುವಾಗ ಅವರ ಬೆರಳು
ಚಾಂಪಿಯನ್ ರೀಫಿನ ಕಡೆ ಹೋಯಿತು.
ಬರೀ ಅಭ್ಯಾಸ.

ಇಪ್ಪತ್ತೆರಡು ಬೆಸೆದರು. ನಾನು ಸಣ್ಣ ತಂತಿ ಮೀಟಿದೆ.
ನಾಬ್ ತಿರುಗಿಸಿದರು: ಹತ್ತು, ಏಳು, ನಾಲ್ಕು.
ಹಿತ್ತಾಳೆ ತಟ್ಟೆಯ ಹಾಗಿದ್ದದ್ದು
ಒದ್ದೆ ಗೋಣಿಯಡಿ ಸರಿಯಿತು.

‘ಎಲ್ಲಿ ಬದಲಾಯ್ತು, ಹೇಳಮ್ಮ.’
‘ಐದು ದಾಟಿದ ಮೇಲೆ.’
ಇನ್ನೊಮ್ಮೆ ಮೀಟಿಸಿದರು. ಮತ್ತೊಮ್ಮೆ.
‘ಹತ್ತೊಂಬತ್ತು ವರ್ಷ ಕೆಳಗೆ ಡ್ರಿಲ್ಲು ಹಿಡಿದೆ.
ನನ್ನ ಕಿವಿಗೆ ಹತ್ತೂ ಒಂದೇ, ಸೊನ್ನೆಯೂ ಒಂದೇ.’

ಎರಡು ವರ್ಷದಿಂದ ಈ ಸ್ಟೂಲಿನ ಮೇಲೆ ಕೂರಿಸಿದ್ದು
ಬೆಸುಗೆ ಕಲಿಸೋಕೆ ಅಂದುಕೊಂಡಿದ್ದೆ.

ನಲವತ್ತೇಳೂ ಹಾಕಿ ನೋಡಿದೆವು. ಕಂಬಳಿ. ತೆಗೆದೆವು.

ಸಂಜೆ ಸೆಡ್ರಿಕ್ ಅಂಕಲ್ ಬಂದರು,
ಕ್ರಿಸ್ಮಸ್ ಡಾನ್ಸಿಗೆ ಇನ್ನು ಮೂರೇ ದಿನ.
‘ಯಾವುದು ಹಾಕಿದೆ, ಮ್ಯಾನ್?’
ಮೇಸ್ತ್ರಿ ನನ್ನತ್ತ ತಿರುಗಲಿಲ್ಲ.
‘ಇಪ್ಪತ್ತೆರಡೇ ಕಣಯ್ಯ. ಕೇಳಿದರೆ ಗೊತ್ತಾಗಲ್ವಾ?’
ಅನ್ನುತ್ತ ಕೊನೆಯ ಸ್ಕ್ರೂ ಬಿಗಿದರು.